ನಾಲಿಗೆಯ ಮೂಗುದಾರ

ಹಿರೇಕೆರೂರ ಸೀಮೆಯ ಒಂದು ಹಳ್ಳಿಯಲ್ಲಿ ಮನೆಯ ಪ್ರಾರ್ಥನೆಯು ಮುಗಿದ ಮೇಲೆ ಕಮತ ಮಾಡುವ ಹಿರಿಯರೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಹಾಕಿದರು. ಆ ರಾತ್ರಿ ಯಾಕೋಬನ ಪತ್ರಿಕೆಯನ್ನು ಓದಿದ್ದೆವು. ಅದರ ಮೊದಲನೆಯ ಅಧ್ಯಾಯದಲ್ಲಿ ಯಾಕೋಬನು ವಿಶ್ವಾಸಿಗಳಿಗೆ ಕಿವಿಯನ್ನು ಮುಂದಿಟ್ಟು ಬಾಯನ್ನು ಹಿಂದಿಡಬೇಕೆಂದು ಬುದ್ಧಿ ಹೇಳುತ್ತಾನೆ. ಮೂರನೆಯ ಅಧ್ಯಾಯಕ್ಕೆ ಬಂದರೆ, ಮೃಗಪಕ್ಷಿಗಳನ್ನೆಲ್ಲಾ ಪಳಗಿಸಿದ ಮನುಷ್ಯನು ತನ್ನ ಬಾಯೊಳಗಿನ ಈ ಚಿಕ್ಕ ಅಂಗವನ್ನು ಮಾತ್ರ ಪಳಗಿಸಲಾರನೆಂದು ಅವನೇ ಹೇಳುತ್ತಾನೆ. ಹಿರಿಯರು ಇವೆರಡನ್ನೂ ಕೇಳಿ, “ಯಾರ ಕೈಲೂ ಆಗೂದಿಲ್ಲಂತ ಬರದೈತಿ. ಹಂಗಿದ್ದ ಮ್ಯಾಲ ನಮಗ್ಯಾಕ ಹೇಳ್ತೀರ್ರೀ?” ಎಂದರು. ಕೂಡಿದವರು ನಕ್ಕರು; ನಾವೂ ನಕ್ಕೆವು. ಆದರೆ ಉತ್ತರವು ನಮ್ಮ ಬಳಿಯಲ್ಲಿರಲಿಲ್ಲ. ಹೊತ್ತಾಯಿತೆಂಬ ನೆವ ಹೇಳಿ ಎದ್ದು ಬಂದೆವು.

ಈ ಪ್ರಶ್ನೆಯು ಹುಡುಗಾಟದ್ದಲ್ಲ. ಮನುಷ್ಯನಿಂದ ಆಗದ ಕೆಲಸವನ್ನು ಮನುಷ್ಯನಿಗೆ ಅಪ್ಪಣೆ ಮಾಡುವದು ನ್ಯಾಯವೋ? ಆಗುವ ಕೆಲಸವಾಗಿದ್ದರೆ ಆಗದೆಂದು ಬರೆದದ್ದು ಯಾಕೆ? ಈ ಎರಡರ ನಡುವೆ ನಮ್ಮ ಸಭೆಗಳವರಲ್ಲಿ ಬಹುಜನರು ತಮಗೆ ಅನುಕೂಲವಾದ ಒಂದು ನೆರಳನ್ನು ಕಂಡುಕೊಂಡು ಅದರ ಕೆಳಗೆ ಸುಖವಾಗಿ ಕೂತಿದ್ದಾರೆ. “ನನ್ನ ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೇದು” ಎಂಬದೇ ಆ ನೆರಳು. ನೆರೆಯವನನ್ನು ಬೀದಿಯಲ್ಲಿ ಬೈದು ಬಂದವನೂ ಸೊಸೆಯನ್ನು ಮೂರು ಹೊತ್ತು ಚುಚ್ಚುವ ಅತ್ತೆಯೂ ಇದನ್ನೇ ಹೇಳುತ್ತಾರೆ. ನಾವೂ ಹೇಳಿದ್ದೇವೆ. ಆದರೆ ನಮ್ಮ ಕರ್ತನು ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಈ ನೆರಳನ್ನು ಕಡಿದುಬಿಟ್ಟಿದ್ದಾನೆ. ಹೃದಯದಲ್ಲಿ ತುಂಬಿ ಹೆಚ್ಚಾದದ್ದೇ ಬಾಯಿಂದ ಹೊರಗೆ ಬರುತ್ತದೆಂದು ಆತನ ಉಪದೇಶ. ಹಗೇವಿನಲ್ಲಿ ಜೋಳವಿದ್ದರೆ ತೆಗೆದಾಗ ಜೋಳವೇ ಬರುವದು. ಒಳಗೆ ಬಿಳಿಜೋಳ ತುಂಬಿದ್ದೆನು, ತೆಗೆದಾಗ ಮಾತ್ರ ಹುಳುಕು ಬಂತು ಎಂದರೆ ಯಾವ ರೈತನು ನಂಬುವನು? ಹುಳವು ಒಳಗೇ ಇತ್ತು.

ಹಾಗಾದರೆ ನಾಲಿಗೆಯ ವಿಷಯವು ನಮಗೆ ತಿಳಿಯದ್ದರಿಂದ ಹೀಗಾಗಿದೆಯೋ? ಅಲ್ಲವೆಂದು ಧೈರ್ಯವಾಗಿ ಹೇಳಬಹುದು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಗುವದಕ್ಕೆ ಮುಂಚೆ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಈ ನೆಲಕ್ಕೆ ಮಾತಿನ ಬುದ್ಧಿಯನ್ನು ಯಾರೂ ಹೊರಗಿನಿಂದ ಬಂಡಿಯಲ್ಲಿ ಹೇರಿಕೊಂಡು ಬರಬೇಕಾಗಿರಲಿಲ್ಲ. ಕನಕದಾಸರ ಹುಟ್ಟೂರಾದ ಬಾಡವು ಶಿಗ್ಗಾವಿಯ ತಾಲೂಕಿನಲ್ಲಿದೆ. ೧೮೧೯ರಿಂದ ೧೮೮೯ರ ವರೆಗೆ ಬಾಳಿದ ಶರೀಫ ಸಾಹೇಬರ ಶಿಶುನಾಳವೂ ಅಲ್ಲಿಯದೇ. ಸರ್ವಜ್ಞನ ಹುಟ್ಟಿನ ಕಥೆಯನ್ನು ಹೇಳುವವರು ಹಿರೇಕೆರೂರ ಸೀಮೆಯ ಅಬ್ಬಲೂರನ್ನೂ ಮಾಸೂರನ್ನೂ ತೋರಿಸುತ್ತಾರೆ. ಅವನ ಹೆಸರಿನಲ್ಲಿ ಸುಮಾರು ೨೦೦೦ ತ್ರಿಪದಿಗಳು ನಡೆಯುತ್ತವೆ. ನಗೆಯೂ ಹಗೆಯೂ ಒಂದೇ ಬಾಯಿಂದ ಹುಟ್ಟುವವೆಂಬ ಅವನ ಎಚ್ಚರಿಕೆಯನ್ನು ಅಕ್ಷರ ಬಾರದ ಮುದುಕಿಯೂ ಬಲ್ಲಳು. ಅದನ್ನು ಬಾಯಿಪಾಠವಾಗಿ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ ಪಕ್ಕದ ಮನೆಯವಳ ಮೇಲೆ ಬೀಳುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಗಬೇಡಿರಿ; ಯಾಕೋಬನ ಮೂರನೆಯ ಅಧ್ಯಾಯವನ್ನು ಓದಿ ಮುಗಿಸಿ ನಾವು ಮಾಡುವದೂ ಅದೇ.

ಸರ್ವಜ್ಞನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ನೆನಪಿಗೆ ತರುತ್ತೇವೆ. ಬಾಯಿಂದ ಬಾಯಿಗೂ ಓಲೆಯಿಂದ ಓಲೆಗೂ ಚದರಿಹೋಗಿದ್ದ ಅವನ ತ್ರಿಪದಿಗಳನ್ನು ಕೂಡಿಸಿ ಶೋಧಿಸಿ ೧೯೨೪ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದವರು ನಮ್ಮ ಬಾಸೆಲ್ ಮಿಷನ್ ಸಭೆಯ ಪಾಲಕರೇ. ಅವರು ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಮಂಗಳೂರಿನಲ್ಲಿ ದೇವಜ್ಞಾನಶಾಸ್ತ್ರವನ್ನು ಓದಿದವರು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ೧೯೬೨ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಸುವಾರ್ತೆಯನ್ನು ಸಾರುವದು ಪಾಲಕನ ಕೆಲಸ, ಅಂದರೆ ಬಾಯಿಯ ಕೆಲಸ. ಆದರೆ ಈ ಸೇವಕನು ತನ್ನ ಆಯುಷ್ಯದ ದೊಡ್ಡ ಪಾಲನ್ನು ಕಿವಿಯ ಕೆಲಸಕ್ಕೆ ಕೊಟ್ಟನು. ಊರವರು ಏನು ಹೇಳುತ್ತಾರೆ, ಅವರ ಅಜ್ಜಂದಿರು ಏನು ಹೇಳಿದ್ದರು ಎಂಬದನ್ನು ಕೇಳಿ, ಬರೆದು, ತಿದ್ದಿ, ಜೋಪಾನಮಾಡಿದನು. ಅವರು ಹಿಂದೂ ಸಹೋದರರಿಗಾಗಿ ಬರೆದ ಒಂದು ಪುಸ್ತಕಕ್ಕೆ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂದು ಹೆಸರಿಟ್ಟರು. ಖಂಡನೆ ಎಂದಿಡಲಿಲ್ಲ, ಸವಾಲು ಎಂದಿಡಲಿಲ್ಲ, ವಿನಂತಿ ಎಂದರು. ಹಳೆಯ ಕಾಲದ ಜಾತ್ರೆಗಳಲ್ಲಿ ನಿಂತು ಸಾರಿದ ಬೋಧಕರೆಲ್ಲರೂ ಈ ಒಂದು ಶಬ್ದವನ್ನು ಅರಿತಿರಲಿಲ್ಲವೆಂಬದನ್ನು ನಾವು ಒಪ್ಪಿಕೊಳ್ಳಬೇಕು. ಇಂದಿಗೂ ನಮ್ಮಲ್ಲಿ ಕೆಲವರು, ತಮ್ಮ ಅಜ್ಜ ಅಜ್ಜಿಯರು ಭಕ್ತಿಯಿಂದ ಕೈಮುಗಿದ ವಸ್ತುಗಳನ್ನು ಕುರಿತು ಹಗುರವಾಗಿ ಆಡುವದೇ ವಿಶ್ವಾಸದ ಗುರುತೆಂದು ತಿಳಿದಿದ್ದಾರೆ. ಕೊಲೊಸ್ಸೆಯವರಿಗೆ ಪೌಲನು ಹೊರಗಿನವರ ಸಂಗಡ ಆಡುವ ಮಾತಿಗೆ ಉಪ್ಪಿನ ಹದ ಬೇಕೆಂದು ಬರೆದನು. ಉಪ್ಪು ಹದವಾಗಿದ್ದರೆ ಊಟ. ಹಿಡಿಯಿಂದ ಸುರಿದರೆ ಬಾಯಿಗಿಡುವವರಿಲ್ಲ.

ಇನ್ನು ನಮ್ಮ ದಿನದಿನದ ಮಾತಿಗೆ ಬರೋಣ.

ಮುಂಗಾರಿನ ದಿನಗಳಲ್ಲಿ ಬಿತ್ತನೆಯ ಗಡಿಬಿಡಿಯು ಹತ್ತಿದಾಗ ನಮ್ಮ ಮನೆಗಳಲ್ಲಿ ಶಾಪಕ್ಕೆ ಲೆಕ್ಕವಿರುವದಿಲ್ಲ. ಎತ್ತಿಗೆ ಶಾಪ, ಮಳೆಗೆ ಶಾಪ, ನೀರು ಚೆಲ್ಲಿದ ಕೂಸಿಗೆ ಶಾಪ. ಹೆತ್ತ ತಾಯಿಯೇ ಮಗುವಿಗೆ ಮಣ್ಣು ಕೊಡುವ ಮಾತನ್ನಾಡಿ, ಅರ್ಧ ತಾಸಿನೊಳಗೆ ಅದೇ ಮಗುವನ್ನು ಮಡಿಲಲ್ಲಿ ಕೂಡ್ರಿಸಿಕೊಂಡು ತುತ್ತು ಉಣಿಸುವಳು. ಆಕೆಯ ಮನಸ್ಸಿನಲ್ಲಿ ಅದು ಇರಲಿಲ್ಲವೆಂಬದು ನಿಜ. ಆದರೆ ಮಗುವಿಗೆ ಅದು ಹೇಗೆ ತಿಳಿಯಬೇಕು? ಇದನ್ನು ಹೆಚ್ಚು ಬೆಳಿಸುವದಿಲ್ಲ. ಬಲ್ಲವರಿಗೆ ಇಷ್ಟೇ ಸಾಕು.

ಸಂತೆಯಲ್ಲಿ ಆಣೆಗಳ ವ್ಯಾಪಾರವು ನಡೆಯುತ್ತದೆ. ಸವಣೂರಿನ ಎಲೆಗೆ ನಾಡಿನಲ್ಲಿ ಒಳ್ಳೆಯ ಹೆಸರಿದೆ; ಆದರೂ ಎಲೆ ಮಾರುವವನು ಎಣಿಕೆಗೊಂದು ಆಣೆ ಹಾಕದಿದ್ದರೆ ಕೊಳ್ಳುವವನಿಗೆ ಸಮಾಧಾನವಿಲ್ಲ, ಕೊಳ್ಳುವವನು ತಾಯಾಣೆ ಇಟ್ಟು ಕೈಯಲ್ಲಿ ಇಷ್ಟೇ ರೊಕ್ಕವೆನ್ನದಿದ್ದರೆ ಚೌಕಾಶಿಯು ಮುಗಿಯುವದಿಲ್ಲ. ದನದ ಸಂತೆಯಲ್ಲಿಯಂತೂ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಎತ್ತಿನ ಹಲ್ಲು ಹೇಳುತ್ತಾರೆ. ಆಣೆ ಬೇಡ, ಹೌದಾದದ್ದನ್ನು ಹೌದೆನ್ನಿರಿ, ಅಲ್ಲವಾದದ್ದನ್ನು ಅಲ್ಲವೆನ್ನಿರಿ ಎಂದು ನಮ್ಮ ಕರ್ತನು ಬೆಟ್ಟದ ಮೇಲೆ ಕಲಿಸಿದ್ದರ ಗುಟ್ಟು ಇಲ್ಲಿ ಕಾಣುತ್ತದೆ. ಆಣೆಯಿಟ್ಟು ಆಡಿದ್ದೇ ನಿಜವಾದರೆ, ಆಣೆಯಿಲ್ಲದೆ ಆಡಿದ್ದೆಲ್ಲಾ ಏನು? ಒಂದು ಮಾತಿಗೆ ಆಣೆಯ ಊರುಗೋಲನ್ನು ಕೊಟ್ಟವನು ತನ್ನ ಉಳಿದ ಮಾತುಗಳೆಲ್ಲಾ ಕುಂಟೆಂದು ತಾನೇ ಸಾರಿದಂತಾಯಿತು.

ಮೂರನೆಯದೊಂದು ಉಂಟು, ಇದು ಸಂತೆಯಲ್ಲಿ ಅಲ್ಲ, ನಮ್ಮ ಪ್ರಾರ್ಥನಾಕೂಟದಲ್ಲಿಯೇ ಬೆಳೆಯುವ ಕಳೆ. “ಸಹೋದರರೇ, ಇಂಥವರ ಮನೆಗೋಸ್ಕರ ಭಾರವಾಗಿ ಪ್ರಾರ್ಥನೆ ಮಾಡಿರಿ” ಎಂದು ಆರಂಭವಾಗುವದು. ಯಾಕೆಂದು ಒಬ್ಬರು ಕೇಳುವರು. ಕೇಳಲೆಂದೇ ಹೇಳಿದ್ದಲ್ಲವೇ? ಆ ಮೇಲೆ ಆ ಮನೆಯ ಮಗಳು ಯಾಕೆ ತವರಿಗೆ ಬಂದಳು, ಗಂಡನ ಸಂಗಡ ಏನಾಯಿತು, ಸಾಲವೆಷ್ಟು ಎಂಬದೆಲ್ಲವೂ ಪ್ರಾರ್ಥನೆಯ ಹೊದಿಕೆಯನ್ನು ಹೊದ್ದುಕೊಂಡು ಹೊರಗೆ ಬರುವದು. ಬಾವಿಯ ಕಟ್ಟೆಯ ಮೇಲೆ ಆಡಿದ ಚಾಡಿಗೆ ಚಾಡಿಯೆಂದೇ ಹೆಸರು. ಆಡಿದವಳಿಗೂ ಅದು ಗೊತ್ತು. ಕಣ್ಣು ಮುಚ್ಚಿ ಆಡಿದ ಚಾಡಿಗೆ ಹೆಸರಿಲ್ಲ; ಆದಕಾರಣ ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ದೇವರಿಗೆ ಆ ಮನೆಯ ಕಷ್ಟವು ನಾವು ಹೇಳುವದಕ್ಕಿಂತ ಮುಂಚೆಯೇ ತಿಳಿದಿದೆ. ತಿಳಿಯದಿದ್ದದ್ದು ಸುತ್ತಲೂ ಕೂತ ಹತ್ತು ಮಂದಿಗೆ ಮಾತ್ರ.

ಈಗಂತೂ ಬಾಯಿಯು ಕೈಗೆ ಬಂದಿದೆ. ಹಿಂದೆ ಸಿಟ್ಟಿನ ಮಾತೊಂದು ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋಗಬೇಕಾದರೆ ಯಾರಾದರೂ ಬಂಡಿ ಕಟ್ಟಬೇಕಾಗಿತ್ತು. ದಾರಿಯಲ್ಲಿ ಎತ್ತು ಮೇಯುವಾಗ ಸಿಟ್ಟೂ ಇಳಿಯುತ್ತಿತ್ತು. ಈಗ ಮೊಬೈಲಿನಲ್ಲಿ ಹೆಬ್ಬೆರಳು ಒತ್ತಿದರೆ ಸಾಕು, ವಾಟ್ಸಾಪಿನ ಗುಂಪಿನಲ್ಲಿರುವ ಇನ್ನೂರು ಮನೆಗಳಿಗೆ ಒಂದೇ ಗಳಿಗೆಯಲ್ಲಿ ಮುಟ್ಟುತ್ತದೆ. ಅಳಿಸುವ ಉಪಾಯವೂ ಉಂಟೆಂದು ಹುಡುಗರು ಹೇಳುತ್ತಾರೆ. ಓದಿದವನ ಮನಸ್ಸಿನಿಂದ ಅಳಿಸುವ ಉಪಾಯವನ್ನು ಯಾರೂ ಹೇಳಿಲ್ಲ.

ಇಷ್ಟೆಲ್ಲಾ ಪರರ ತಪ್ಪುಗಳನ್ನು ಎಣಿಸಿದ ಮೇಲೆ ನಮ್ಮದನ್ನು ಮುಚ್ಚಿಡುವದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಸಭೆಯ ಲೆಕ್ಕವನ್ನು ಬರೆಯುತ್ತಿದ್ದೆವು. ಸುಗ್ಗಿಯ ಹಬ್ಬದಲ್ಲಿ ಸಭೆಯವರು ತಂದ ಕಾಣಿಕೆಯ ಕಾಳನ್ನು ಒಂದು ಕೋಣೆಯಲ್ಲಿಟ್ಟು, ಮರುದಿನ ಲಿಲಾವು ಮಾಡುವದು ಅಲ್ಲಿಯ ವಾಡಿಕೆ. ಕೋಣೆಯ ಕೀಲಿಕೈಯು ಸಭೆಯ ಹಿರಿಯರೊಬ್ಬರ ಕೈಯಲ್ಲಿತ್ತು. ಹೊಲವು ಸ್ವಲ್ಪ, ಮಾತು ಇನ್ನೂ ಸ್ವಲ್ಪ, ಅಂಥ ಮನುಷ್ಯನು. ಆ ವರ್ಷ ನಮ್ಮ ಪುಸ್ತಕದಲ್ಲಿ ಐದು ಚೀಲ ಜೋಳವೆಂದು ಬರೆದಿತ್ತು. ಲಿಲಾವಿಗೆ ಬಂದದ್ದು ನಾಲ್ಕು. ನಾವು ಯಾರಿಗೂ ಏನೂ ಹೇಳಲಿಲ್ಲ. ವಿಚಾರಿಸಿ ನೋಡೋಣವೆಂದು ಸುಮ್ಮನಿದ್ದೆವು. ಆ ವಾರದಲ್ಲಿಯೇ ಸವಣೂರಿನಲ್ಲಿ ಬಸ್ಸಿಗಾಗಿ ಕಾಯುತ್ತಿರುವಾಗ ಪರಿಚಯದವರೊಬ್ಬರು ಸಿಕ್ಕು, “ನಿಮ್ಮ ಹಬ್ಬದಾಗ ಒಂದು ಚೀಲ ಕಡಿಮೆ ಬಂತಂತಲ್ಲ?” ಎಂದರು. ನಾವು, “ಕೀಲಿಕೈ ಯಾರ ಕಡೆ ಇತ್ತೋ ಅವರನ್ನ ಕೇಳಬೇಕು” ಎಂದೆವು. ಇಷ್ಟೇ. ಬಸ್ಸು ಬಂತು, ಹತ್ತಿ ಕೂತೆವು, ಮರೆತೆವು.

ಓದುಗರೇ, ಆ ವಾಕ್ಯವನ್ನು ಇನ್ನೊಮ್ಮೆ ನೋಡಿರಿ. ಅದರಲ್ಲಿ ಸುಳ್ಳೆಂಬದು ಒಂದಕ್ಷರವೂ ಇಲ್ಲ. ಬೈಗುಳವಿಲ್ಲ, ಹೆಸರಿಲ್ಲ, ಸಿಟ್ಟೂ ಇಲ್ಲ. ನ್ಯಾಯಸ್ಥಾನದಲ್ಲಿ ನಿಲ್ಲಿಸಿ ಕೇಳಿದರೂ ನಾವು ತಪ್ಪಿಸಿಕೊಳ್ಳುತ್ತಿದ್ದೆವು. ಆದರೂ ಅದು ಸವಣೂರಿನಿಂದ ಶಿಗ್ಗಾವಿಗೆ ಹೋಯಿತು, ಬಂಕಾಪುರದಲ್ಲಿದ್ದ ಬೀಗರ ಮನೆಗೆ ಹೋಯಿತು, ಹಾನಗಲ್ಲಿನ ಕಡೆಗೆ ಹೋಯಿತು. ಹೋದ ಹೋದಲ್ಲಿ ಉಂಡು ಬೆಳೆಯಿತು. ಆ ಹಿರಿಯರು ಎರಡು ಭಾನುವಾರ ಆರಾಧನೆಗೆ ಬರಲಿಲ್ಲ. ಮೈಯಲ್ಲಿ ಆರಾಮಿಲ್ಲವೆಂದು ತಿಳಿದೆವು. ಅವರ ಮಗಳಿಗೆ ಹಾನಗಲ್ಲ ಸೀಮೆಯಿಂದ ಬರಬೇಕಾಗಿದ್ದ ಸಂಬಂಧದವರು ಬರುವ ದಿನವನ್ನು ಮುಂದೆ ಹಾಕಿದರು. ಮತ್ತೆ ಮುಂದೆ ಹಾಕಿದರು. ಆ ಮೇಲೆ ಬರಲೇ ಇಲ್ಲ.

ತಿಂಗಳು ಕಳೆದ ಮೇಲೆ ನಾವು ಪುಸ್ತಕವನ್ನು ಕೂಡಿಸುವಾಗ ನಿಜವು ಕಂಡಿತು. ಒಟ್ಟು ಕುಟುಂಬದ ಅಣ್ಣತಮ್ಮಂದಿರಿಬ್ಬರು ಒಂದೇ ಚೀಲವನ್ನು ತಂದಿದ್ದರು. ಅದನ್ನು ಅಣ್ಣನ ಹೆಸರಿನಲ್ಲೊಮ್ಮೆ, ತಮ್ಮನ ಹೆಸರಿನಲ್ಲೊಮ್ಮೆ ನಾವೇ ಬರೆದಿದ್ದೆವು. ಐದನೆಯ ಚೀಲವೆಂಬದು ಲೋಕದಲ್ಲಿ ಇರಲೇ ಇಲ್ಲ.

ಆ ಹೊತ್ತಿನಲ್ಲಿ ನಮಗೆ ನೆನಪಾದದ್ದು ಎದೋಮ್ಯನಾದ ದೋಯೇಗನು. ಸಮುವೇಲನ ಮೊದಲನೆಯ ಪುಸ್ತಕದ ಇಪ್ಪತ್ತೊಂದು, ಇಪ್ಪತ್ತೆರಡನೆಯ ಅಧ್ಯಾಯಗಳನ್ನು ತೆಗೆದು ಓದಿರಿ. ಸೌಲನಿಂದ ಓಡಿಹೋಗುತ್ತಿದ್ದ ದಾವೀದನು ನೋಬೆಂಬ ಊರಿನಲ್ಲಿ ಯಾಜಕನಾದ ಅಹೀಮೆಲೆಕನಿಂದ ರೊಟ್ಟಿಯನ್ನೂ ಗೊಲ್ಯಾತನ ಕತ್ತಿಯನ್ನೂ ತೆಗೆದುಕೊಂಡನು. ದೋಯೇಗನು ಅಲ್ಲಿದ್ದು ನೋಡಿದನು. ಮುಂದೆ ಅರಸನು ತನ್ನ ಸೇವಕರ ಮೇಲೆ ಸಂಶಯಪಟ್ಟು ಕೂಗಾಡಿದಾಗ, ತಾನು ಕಂಡದ್ದನ್ನು ಹೇಳಿದನು. ರೊಟ್ಟಿ ಕೊಟ್ಟದ್ದು ನಿಜ, ಕತ್ತಿ ಕೊಟ್ಟದ್ದೂ ನಿಜ. ಅವನು ಹೇಳದೆ ಬಿಟ್ಟದ್ದು ಒಂದೇ: ದಾವೀದನು ಅರಸನ ಕೆಲಸಕ್ಕೇ ಹೊರಟವನೆಂದು ನಂಬಿ ಆ ಯಾಜಕನು ಕೊಟ್ಟನೆಂಬದು. ಆ ದಿನ ೮೫ ಮಂದಿ ಯಾಜಕರು ಕತ್ತಿಗೆ ಬಿದ್ದರು. ಊರಿನ ಹೆಂಗಸರೂ ಮಕ್ಕಳೂ ದನಕರುಗಳೂ ಉಳಿಯಲಿಲ್ಲ. ಐವತ್ತೆರಡನೆಯ ಕೀರ್ತನೆಯ ಶಿರೋಲೇಖವು ಇದೇ ದೋಯೇಗನನ್ನು ಹೆಸರಿಸುತ್ತದೆ. ಆ ಕೀರ್ತನೆಯು ಅಂಥ ನಾಲಿಗೆಯನ್ನು ಕ್ಷೌರದ ಕತ್ತಿಗೆ ಹೋಲಿಸಿ, ಅದರ ಮಾತನ್ನು ಮೋಸದ ಮಾತೆಂದು ಕರೆಯುತ್ತದೆ. ನಿಜವನ್ನಾಡಿದವನು ಮೋಸಗಾರನು ಹೇಗಾದನು?

ಇಲ್ಲಿ ನಮ್ಮ ಜನರು ಬಹಳವಾಗಿ ಎಡವುತ್ತಾರೆಂದು ನಮಗೆ ತೋರುತ್ತದೆ. “ಇದ್ದದ್ದನ್ನೇ ಹೇಳಿದೆ, ಸುಳ್ಳು ಹೇಳಿದೆನೇ?” ಎಂಬದು ನಮ್ಮಲ್ಲಿ ಎಲ್ಲಾ ವಾದಗಳಿಗೂ ಕಡೆಯ ಮುದ್ರೆ. ಆದರೆ ಮಾತೆಂಬದು ಕಲ್ಲಿನ ಮೇಲೆ ಬರೆದ ಬರಹವಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಒಂದು ಉದ್ದೇಶಕ್ಕಾಗಿ ಹೋಗುವ ಕೆಲಸಗಾರನು. ಅವನ ಅಂಗಿಯು ಬಿಳಿಯದೆಂದ ಮಾತ್ರಕ್ಕೆ ಅವನು ಮಾಡಿ ಬಂದ ಕೆಲಸವು ಬಿಳಿಯದಾಗುವದಿಲ್ಲ. ಸವಣೂರಿನಲ್ಲಿ ನಾವು ಕಳುಹಿಸಿದ ಮಾತು ಯಾವ ಕೆಲಸಕ್ಕೆ ಹೋಯಿತು? ಚೀಲವನ್ನು ಹುಡುಕುವದಕ್ಕಲ್ಲ. ಪುಸ್ತಕವನ್ನು ಬರೆದವರು ನಾವು, ಲೆಕ್ಕ ತಪ್ಪಿದರೆ ಮೊದಲು ನಮ್ಮನ್ನು ಕೇಳಬೇಕು. ಕೇಳುವವರ ಕಣ್ಣನ್ನು ನಮ್ಮ ಪುಸ್ತಕದ ಮೇಲಿನಿಂದ ಆತನ ಕೀಲಿಕೈಯ ಮೇಲೆ ತಿರುಗಿಸುವದಕ್ಕೆ ಹೋಯಿತು. ಆ ಹೊತ್ತಿನಲ್ಲಿ ನಮಗೇ ಅದು ತಿಳಿದಿರಲಿಲ್ಲ. ನಾಲಿಗೆಗೆ ಮಾತ್ರ ತಿಳಿದಿತ್ತು. ಹಗೇವಿನ ಹುಳವೆಂದದ್ದು ಇದನ್ನೇ.

ನಾವು ಆತನ ಹೊಲಕ್ಕೆ ಹೋದೆವು. ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಎಡೆಕುಂಟೆಯನ್ನು ನಿಲ್ಲಿಸಿ ಬದುವಿನ ಮೇಲೆ ಬಂದು ಕೂತರು. ನಡೆದದ್ದನ್ನೆಲ್ಲಾ ಹೇಳಿ ಕ್ಷಮೆಯನ್ನು ಬೇಡಿದೆವು. ಬಹಳ ಹೊತ್ತಿನ ಮೇಲೆ, “ನೀವು ಅಂದಿದ್ದು ಒಂದ ಚೀಲ್ರಿ ಅಯ್ಯನವ್ರ. ನನ್ನ ಕಿವಿಗೆ ಬರೂದ್ರಾಗ ನಾಕ ಚೀಲ ಆಗಿತ್ತು” ಎಂದರು. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಆ ದಿನ ದೇವಾಲಯದಲ್ಲಿ ಅರವತ್ತು ಮಂದಿ ಇದ್ದಿರಬಹುದು. ಮೊದಲನೆಯ ಮಾತನ್ನು ಎಷ್ಟು ಮಂದಿ ಕೇಳಿದ್ದರೋ! ನಮ್ಮ ಒಪ್ಪಿಗೆಯು ಶಿಗ್ಗಾವಿಗೆ ಹೋಗಲಿಲ್ಲ, ಬಂಕಾಪುರಕ್ಕೆ ಹೋಗಲಿಲ್ಲ. ಒಪ್ಪಿಗೆಯ ಮಾತಿಗೆ ಕಾಲುಗಳು ಕಡಿಮೆ.

ಇದನ್ನು ಓದಿ, “ಹಾಗಾದರೆ ಬಾಯಿಯನ್ನು ಹೊಲಿದುಕೊಂಡು ಕೂಡ್ರುವದೇ ಒಳ್ಳೇದು” ಎಂದು ಯಾರಾದರೂ ಹೇಳಬಹುದು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯೂ ಅವರ ಕಡೆಗೇ ಇದೆ. ಆದರೆ ಎಡೆ ಹೊಡೆಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವದನ್ನು ನಮ್ಮ ಓದುಗರು ಬಲ್ಲರು. ಸಾಲಿನ ಎಳೆಯ ಬೆಳೆಗೆ ಬಾಯಿ ಹಾಕದಿರಲೆಂದು ಕಟ್ಟುತ್ತಾರೆ. ಕುಕ್ಕೆ ಕಟ್ಟಿದ್ದರಿಂದ ಆ ಎತ್ತು ಸಾಧುವಾಯಿತೆಂದು ಯಾವ ರೈತನೂ ಹೇಳನು. ಅದರ ಆಶೆಯು ಹಾಗೆಯೇ ಇದೆ. ಬಿಚ್ಚಿದ ಕೂಡಲೆ ಬೆಳೆಗೆ ಎರಗುವದು. ನಮ್ಮಲ್ಲಿ ಎಷ್ಟೋ ಮಂದಿ ಗಂಡಸರು ಹಗಲೆಲ್ಲಾ ಸಾಹುಕಾರನ ಮುಂದೆ, ಕಚೇರಿಯ ಕಟ್ಟೆಯ ಮುಂದೆ ಕುಕ್ಕೆ ಕಟ್ಟಿದವರಂತೆ ನಿಂತಿದ್ದು, ಸಂಜೆಗೆ ಮನೆಯ ಹೊಸ್ತಿಲು ದಾಟಿದ ಕೂಡಲೆ ಹೆಂಡತಿಯ ಮೇಲೆ ಬಾಯಿ ಬಿಚ್ಚುತ್ತಾರೆ. ಹಗಲಿನ ಮೌನವು ಸಂಯಮವಾಗಿರಲಿಲ್ಲ, ಭಯವಾಗಿತ್ತು.

ಇದಲ್ಲದೆ, ಕಣದ ಮೇಲೆ ತೆನೆ ತುಳಿಯುವ ಎತ್ತಿನ ಬಾಯಿಯನ್ನು ಕಟ್ಟಬಾರದೆಂದು ಧರ್ಮೋಪದೇಶಕಾಂಡದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ದೇವರು ಅಪ್ಪಣೆ ಕೊಟ್ಟಿದ್ದಾನೆ. ಈಗ ಕಣದ ಕೆಲಸವನ್ನು ಬಹಳ ಕಡೆ ಯಂತ್ರವೇ ಮಾಡುತ್ತದೆ. ಅಪ್ಪಣೆಯ ನ್ಯಾಯವು ಮಾತ್ರ ಹಳೆಯದಾಗಲಿಲ್ಲ. ಬಾಯಿಯನ್ನು ಕಟ್ಟುವ ಕಾಲವೂ ಉಂಟು, ಕಟ್ಟಿದರೆ ಪಾಪವಾಗುವ ಕಾಲವೂ ಉಂಟು. ಕೂಲಿಯವಳಿಗೆ ಮಾತಾಡಿದ ಕೂಲಿಯನ್ನು ಕೊಡದೆ ಕಳುಹಿಸುವದನ್ನು ಕಂಡಾಗ, ನೆರೆಮನೆಯಲ್ಲಿ ಹೆಂಗಸನ್ನು ಹೊಡೆಯುವ ಸಪ್ಪಳವು ಕೇಳಿದಾಗ, ತೂಕದಲ್ಲಿ ಬಡವನನ್ನು ಕಡಿಯುವಾಗ ಸುಮ್ಮನಿದ್ದು “ನಾವು ಪರರ ಮಾತಿಗೆ ಹೋಗುವವರಲ್ಲ” ಎನ್ನುವವನು ತನ್ನ ನಾಲಿಗೆಯನ್ನು ಗೆದ್ದವನಲ್ಲ. ಸಾಕ್ಷಿಯಾಗಿದ್ದು ಬಾಯಿ ಬಿಡದವನು ತಪ್ಪಿತಸ್ಥನೆಂದು ಯಾಜಕಕಾಂಡವು ಹೇಳುತ್ತದೆ. ನಾತಾನನು ದಾವೀದನ ಪಾಪವನ್ನು ಊರ ಬೀದಿಗಳಲ್ಲಿ ಸಾರಲಿಲ್ಲ, ಸುಮ್ಮನೆಯೂ ಕೂಡ್ರಲಿಲ್ಲ. ಅರಸನ ಎದುರಿಗೆ ಹೋಗಿ ಅರಸನಿಗೇ ಹೇಳಿದನು. ಯಾರ ವಿಷಯವೋ ಅವರಿಗೇ ಹೇಳುವದು, ಅವರೊಬ್ಬರಿಗೇ ಹೇಳುವದು: ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಕೊಟ್ಟ ಕ್ರಮವೂ ಇದೇ. ಸವಣೂರಿನ ಬಸ್ ಕಟ್ಟೆಯಲ್ಲಿ ನಾವು ಆಡಿದ ಮಾತನ್ನು ಆ ಹಿರಿಯರ ಮನೆಯ ಪಡಸಾಲೆಯಲ್ಲಿ ಆತನಿಗೇ ಆಡಿದ್ದರೆ, ಇಬ್ಬರೂ ಕೂತು ಪುಸ್ತಕವನ್ನು ತೆಗೆದು ನೋಡುತ್ತಿದ್ದೆವು; ಅರ್ಧ ತಾಸಿನ ಕೆಲಸ. ಒಬ್ಬ ಹುಡುಗಿಯ ಸಂಬಂಧವು ಉಳಿಯುತ್ತಿತ್ತು.

ಇನ್ನು ಹಿರೇಕೆರೂರ ಸೀಮೆಯ ಹಿರಿಯರ ಪ್ರಶ್ನೆಗೆ ತಿರುಗುತ್ತೇವೆ. ಯಾರ ಕೈಲೂ ಆಗದ್ದನ್ನು ನಮಗೆ ಯಾಕೆ ಹೇಳುತ್ತೀರಿ?

ಯಾಕೋಬನು ಅದೇ ಅಧ್ಯಾಯದಲ್ಲಿ ಕುದುರೆಯ ಕಡಿವಾಣವನ್ನೂ ಹಡಗಿನ ಚುಕ್ಕಾಣಿಯನ್ನೂ ಹೇಳಿದ್ದಾನೆ. ನಮಗೆ ಕುದುರೆಯೂ ಹಡಗೂ ದೂರ, ಎತ್ತು ಹತ್ತಿರ. ಎತ್ತಿಗೆ ಕುಕ್ಕೆಯ ಹೊರತು ಮೂಗುದಾರವೆಂಬದೊಂದು ಉಂಟು. ಕುಕ್ಕೆಯು ಬಾಯಿಯನ್ನು ಮುಚ್ಚುತ್ತದೆ, ಮೂಗುದಾರವು ಮುಚ್ಚುವದಿಲ್ಲ. ಮೂಗುದಾರ ಹಾಕಿದ ಎತ್ತು ಮೇಯುತ್ತದೆ, ಕೂಗುತ್ತದೆ, ಭಾರವನ್ನು ಎಳೆಯುತ್ತದೆ. ದಾರಿಯನ್ನು ಮಾತ್ರ ಬಿಡುವದಿಲ್ಲ. ಬಹಳ ದಿವಸ ನಾವು ಸಂಯಮವೆಂದರೆ ನಮ್ಮ ನಾಲಿಗೆಗೆ ನಾವೇ ಮೂಗುದಾರ ಹಾಕಿ ನಾವೇ ಹಿಡಿದುಕೊಳ್ಳುವದೆಂದು ತಿಳಿದಿದ್ದೆವು. ಆದರೆ ತನ್ನ ಮೂಗುದಾರವನ್ನು ತಾನೇ ಹಿಡಿದು ನಡೆಯುವ ಎತ್ತನ್ನು ಯಾರು ಕಂಡಿದ್ದಾರೆ? ಹಗ್ಗವು ಒಡೆಯನ ಕೈಯಲ್ಲಿರುತ್ತದೆ. ನೂರ ನಲ್ವತ್ತೊಂದನೆಯ ಕೀರ್ತನೆಯನ್ನು ಬರೆದ ದಾವೀದನು ತನ್ನ ತುಟಿಗಳ ಬಾಗಿಲಿಗೆ ತಾನೇ ಕಾವಲು ನಿಲ್ಲುವೆನೆಂದು ಆಣೆ ಮಾಡಲಿಲ್ಲ; ಕಾವಲನ್ನು ಇಡಬೇಕೆಂದು ಯೆಹೋವನನ್ನೇ ಬೇಡಿಕೊಂಡನು. ಪೌಲನು ಗಲಾತ್ಯದವರಿಗೆ ಬರೆಯುವಾಗ ಶಮೆದಮೆಯನ್ನು ಪವಿತ್ರಾತ್ಮನ ಫಲಗಳಲ್ಲಿ ಎಣಿ��ಿದನು. ಫಲವೆಂದನು, ಕೂಲಿಯೆಂದು ಹೇಳಲಿಲ್ಲ. ಫಲವು ಗಿಡದಲ್ಲಿ ಒಂದು ದಿನದಲ್ಲಿ ಕಾಣುವದಿಲ್ಲ, ಆದರೆ ಗಿಡಕ್ಕೆ ನೀರು ಹೊಯ್ಯುವ ಕೆಲಸವು ರೈತನದೇ.

ಆದಕಾರಣ ಯಾಕೋಬನ ಎರಡು ಮಾತುಗಳಿಗೂ ಜಗಳವಿಲ್ಲವೆಂದು ನಮಗೆ ಈಗ ತೋರುತ್ತದೆ. ಪಳಗಿಸುವದು ನಮ್ಮಿಂದಾಗದು; ಹಗ್ಗವನ್ನು ಒಪ್ಪಿಸುವದು ನಮ್ಮಿಂದಾಗುವದು. ಒಪ್ಪಿಸುವದೆಂದರೇನು? ಉತ್ತರ ಕೊಡುವದಕ್ಕೆ ಮುಂಚೆ ಒಂದು ಉಸಿರಿನಷ್ಟು ನಿಂತು, “ಕರ್ತನೇ, ಈ ಮಾತು ಯಾವ ಕೆಲಸಕ್ಕೆ ಹೋಗುತ್ತದೆ?” ಎಂದು ಕೇಳುವದು. ನಾವು ಇದನ್ನು ಮಾಡಿ ನೋಡಿದ್ದೇವೆ. ಹತ್ತರಲ್ಲಿ ಆರು ಸಾರಿ ಮರೆಯುತ್ತೇವೆ. ಮರೆಯದ ನಾಲ್ಕರಲ್ಲಿ ಎರಡು ಸಾರಿ, ಆಡಬೇಕೆಂದಿದ್ದ ಮಾತು ಬಾಯಿಗೆ ಬರುವದಕ್ಕೆ ನಾಚಿಕೊಂಡು ಒಳಗೇ ಸತ್ತುಹೋಗಿದೆ. ಇದು ದೊಡ್ಡ ಜಯವೆಂದು ಹೇಳಿಕೊಳ್ಳುವ ಹಾಗಿಲ್ಲ. ಹಿರಿಯರಿಗೆ ಹೋಗಿ ಇಷ್ಟನ್ನು ಹೇಳಿದೆವು. ಅವರು ಕೇಳಿ, “ಎರಡಾದ್ರೂ ಆತಲ್ರೀ” ಎಂದರು.

ಕೀಲಿಕೈಯ ಕಥೆಯು ಸ್ವಲ್ಪ ಉಳಿದಿದೆ. ಮುಂದಿನ ವರ್ಷದ ಸುಗ್ಗಿಯ ಹಬ್ಬಕ್ಕೆ ಮುಂಚೆ ಆ ಹಿರಿಯರ ಮನೆಗೆ ಹೋಗಿ ಕೋಣೆಯ ಕೀಲಿಕೈಯನ್ನು ಆತನ ಮುಂದೆ ಇಟ್ಟೆವು. ಸಭೆಯವರೆಲ್ಲರೂ ಆತನೇ ಹಿಡಿಯಬೇಕೆಂದು ಹೇಳಿದ್ದರು. ಆತನು ಅದನ್ನು ಮುಟ್ಟಲಿಲ್ಲ. ಒಳಗಿನಿಂದ ಮಗಳು ನೀರಿನ ತಂಬಿಗೆಯನ್ನು ತಂದಿಟ್ಟು ಹೋದಳು. ಆಕೆ ಒಳಗೆ ಹೋದ ಮೇಲೆ ಆತನು ಮೆಲ್ಲಗೆ, “ಹಿಡೀತೀನ್ರಿ. ಆದ್ರ ಎರಡ ಕೀಲಿ ಹಾಕಸ್ರಿ ಅಯ್ಯನವ್ರ. ಒಂದರ ಕೈ ನನ್ನ ಕಡೆ, ಒಂದರ ಕೈ ನಿಮ್ಮ ಕಡೆ ಇರ್ಲಿ” ಎಂದರು. ಆ ಕೋಣೆಗೆ ಈಗಲೂ ಎರಡು ಕೀಲಿಗಳಿವೆ.